ಎರಡನೆಯ ಏಪ್ರನ್

"ಮೈಲ್ಸ್ ಟರ್ನರ್ ನಮ್ಮನ್ನು ಬಿಟ್ಟುಹೋದದ್ದಕ್ಕೆ ಏಪ್ರನ್ ಕಾರಣವಲ್ಲ, ಲಕ್ಷುರಿ ಟ್ಯಾಕ್ಸಿನ ಗೆರೆ ಕಾರಣ, ಏಪ್ರನ್ ಅದಕ್ಕಿಂತಲೂ ಮೇಲಿರುತ್ತದೆ" ಎಂದು ವೆಂಕಟೇಶ ಮೂರನೆಯ ಸಲ ಹೇಳಿದಾಗ ನಾಣಿ ತನ್ನ ತಟ್ಟೆಯಲ್ಲಿದ್ದ ಮೆಣಸಿನಕಾಯಿ ಬೋಂಡವನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಂತ. ನಾಣಿ ಬೋಂಡವನ್ನು ಅರ್ಧಕ್ಕೆ ಬಿಟ್ಟನೆಂದರೆ ಮನೆಯಲ್ಲಿ ಏನೋ ಅನಾಹುತವಾಗಲಿದೆಯೆಂದೇ ಅರ್ಥ.

2025ರ ಜುಲೈ ತಿಂಗಳ ಮೊದಲ ವಾರ. ಇಂಡಿಯಾನಾಪೊಲಿಸ್ ಪಕ್ಕದ ಕಾರ್ಮೆಲ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಎಂದಿನವರೆಲ್ಲ ಸೇರಿದ್ದೆವು. ಮಾತೆಲ್ಲ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ನಮ್ಮ ತಂಡ ಇಂಡಿಯಾನಾ ಪೇಸರ್ಸ್, ಮತ್ತು ಅದನ್ನು ಬಿಟ್ಟು ಹೊರಟ ಸೆಂಟರ್ ಆಟಗಾರ ಟರ್ನರನದೇ. ಈ ಊರಿನಲ್ಲಿ 150ಕ್ಕೂ ಹೆಚ್ಚು ರಸ್ತೆವೃತ್ತಗಳಿವೆ. ವೆಂಕಟೇಶನ ವಾದವೂ ಅವುಗಳಲ್ಲಿ ಯಾವುದೋ ಒಂದನ್ನು ಹೊಕ್ಕು, ಹೊರಬರುವ ದಾರಿ ಕಾಣದೆ ಮುಕ್ಕಾಲು ಗಂಟೆಯಿಂದ ಸುತ್ತುತ್ತಿತ್ತು.

"ಜೂನ್ 22ರಂದು ಫೈನಲ್ಸ್‌ನ ಏಳನೆಯ ಪಂದ್ಯದಲ್ಲಿ ನಮ್ಮ ತಾರೆ ಹ್ಯಾಲಿಬರ್ಟನ್ನನ ಹಿಮ್ಮಡಿಯ ನರ ಹರಿಯಿತು, 103–91ರಿಂದ ಸೋತೆವು, ಕಪ್ ಒಕ್ಲಹೋಮಾ ಸಿಟಿಗೆ ಹೋಯಿತು" ಎಂದ ನಾಣಿ. "ಸೂತಕದ ಹತ್ತು ದಿನ ತುಂಬುವ ಮೊದಲೇ, ಹತ್ತು ವರ್ಷ ಬುಟ್ಟಿಯ ಕೆಳಗೆ ನಿಂತಿದ್ದ ನಮ್ಮ ಕಂಬ ಎದ್ದು ಮಿಲ್ವಾಕಿಗೆ ನಡೆಯಿತು. ಅಳುವುದಕ್ಕೂ ಬಿಡುವು ಕೊಡದೆ ನೀನು ಅದು ಯಾವ ಗೆರೆಯ ಮೇಲೆ ನಡೆದುಹೋಯಿತು ಎಂದು ವಿವರಿಸುತ್ತಿದ್ದೀಯೆ."

"ಆ ಎತ್ತರದ ಹುಡುಗನೇ ಅಲ್ಲವೇ? 2019ರಲ್ಲಿ ಪೇಸರ್ಸ್ ತಂಡ ಸ್ಯಾಕ್ರಮೆಂಟೊ ಕಿಂಗ್ಸ್ ಜೊತೆ ಆಡಲು ಮುಂಬೈಗೆ ಬಂದಾಗ ನಾನು ಅವನನ್ನು ಕಣ್ಣಾರೆ ಕಂಡಿದ್ದೇನೆ" ಎಂದರು ಶೇಷಗಿರಿ ಮಾವ. ಅವರಿಗೆ ದುಃಖಕ್ಕಿಂತ ಲೆಕ್ಕದ ಮೇಲೆ ಆಸಕ್ತಿ ಹೆಚ್ಚು. ಮೂವತ್ತನಾಲ್ಕು ವರ್ಷ ಪರರ ಖಾತೆಗಳಲ್ಲಿ ತಪ್ಪು ಹುಡುಕಿದವರು. "ಅದಿರಲಿ, ಈ ಏಪ್ರನ್ ಎಂದರೇನು?"

ವೆಂಕಟೇಶ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಮೊಬೈಲಿನಲ್ಲಿ ಬಣ್ಣಬಣ್ಣದ ಪಟ್ಟಿಯೊಂದನ್ನು ತೆರೆದು ಅವರ ಕನ್ನಡಕದ ಮುಂದೆ ಹಿಡಿದ. "2025–26ರ ಸಾಲಿಗೆ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಒಟ್ಟು ಸಂಬಳದ ಮಿತಿ, ಸುಮಾರು 15.46 ಕೋಟಿ ಡಾಲರ್. ಆದರೆ ಅದನ್ನು ದಾಟಬಹುದು. 18.79 ಕೋಟಿಗೆ ಟ್ಯಾಕ್ಸಿನ ಗೆರೆ. ಅದನ್ನೂ ದಂಡ ತೆತ್ತು ದಾಟಬಹುದು. 19.59 ಕೋಟಿಗೆ ಮೊದಲನೆಯ ಏಪ್ರನ್. 20.78 ಕೋಟಿಗೆ ಎರಡನೆಯ ಏಪ್ರನ್."

"ಕ್ಯಾಪ್ ಎಂದರೆ ಟೋಪಿಯಲ್ಲವೇ? ದಾಟಬಹುದಾದ ಟೋಪಿಯನ್ನು ನಮ್ಮ ಕಡೆ ಹಾಕಿಕೊಳ್ಳುವುದಿಲ್ಲ, ಹಾಕುತ್ತಾರೆ" ಎಂದ ನಾಣಿ.

ಅಷ್ಟರಲ್ಲಿ ಎರಡನೆಯ ಸುತ್ತಿನ ಬೋಂಡ ಹಿಡಿದು ಪದ್ಮಕ್ಕ ಬಂದರು. "ನಾನು ಒಂದು ಏಪ್ರನ್ ಕಟ್ಟಿಕೊಂಡೇ ಬೆಂದುಹೋಗುತ್ತಿದ್ದೇನೆ, ಎರಡೆರಡು ಕಟ್ಟಿಕೊಳ್ಳುವವರು ಯಾರು?"

"ಕಟ್ಟಿಕೊಳ್ಳುವುದಲ್ಲ ಅಕ್ಕ, ಕಟ್ಟಿಸಿಕೊಳ್ಳುವುದು" ಎಂದು ನಾಣಿ ಸಾವರಿಸಿಕೊಂಡು ಕುಳಿತ. "ಅಡುಗೆಗೆ ಸಾಮಾನು ಜಾಸ್ತಿ ತಂದ ತಪ್ಪಿಗೆ ಮೊದಲನೆಯ ಏಪ್ರನ್ ಕಟ್ಟಿ ನಿಮ್ಮ ಕೈಯಿಂದ ಸೌಟು ಕಿತ್ತುಕೊಳ್ಳುತ್ತಾರೆ. ಇನ್ನೂ ತಂದಿರೋ, ಎರಡನೆಯದನ್ನು ಕಟ್ಟಿ ಒಲೆಯನ್ನೇ ಆರಿಸುತ್ತಾರೆ. ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ, ಅಂದರೆ ಪಕ್ಕದ ಮನೆಗೆ ಎರಡು ಬಟ್ಟಲು ಅಕ್ಕಿ ಕೊಟ್ಟು ಒಂದು ತೆಂಗಿನಕಾಯಿ ಕೇಳುವಂತಿಲ್ಲ. ಕೈಗೆ ನಗದು ಕೊಟ್ಟೂ ಕೊಳ್ಳುವಂತಿಲ್ಲ. ಕೊನೆಗೆ ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ ಅನ್ನು, ಅಂದರೆ ಹೊಸ ಹುಡುಗನನ್ನು ಆರಿಸಿಕೊಳ್ಳುವ ಸರದಿಯನ್ನು, ಯಾರಿಗೂ ಮಾರದಂತೆ ಮಂಜುಗಡ್ಡೆಯಲ್ಲಿ ಇಡುತ್ತಾರೆ. ಏಳು ವರ್ಷ ಮುಂದಿನ ಪಿಕ್ ಎಂದರೆ ಈಗ ಆರನೆಯ ತರಗತಿಗೆ ಹೋಗಲಿರುವ ಹುಡುಗ. ಅಗೋ, ಅಚಿಂತ್ಯನಂಥವನು."

ಅಚಿಂತ್ಯ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದ. ಅವನ ಮಡಿಲಲ್ಲಿ ಟರ್ನರನ 33ನೆಯ ನಂಬರಿನ ಜೆರ್ಸಿ ಮುದುಡಿ ಬಿದ್ದಿತ್ತು.

"ಉದ್ದೇಶ ಒಳ್ಳೆಯದೇ ಅಲ್ಲವೇ?" ಎಂದರು ಮಾವ. "ದೊಡ್ಡ ಊರಿನ ಧಣಿ ದುಡ್ಡಿನ ಬಲದಿಂದ ತಾರೆಯರನ್ನೆಲ್ಲ ಗುಡ್ಡೆ ಹಾಕಿಕೊಳ್ಳಬಾರದು ಎಂದು."

"ಉದ್ದೇಶ ಯಾವಾಗಲೂ ಒಳ್ಳೆಯದೇ. 1984ರಲ್ಲಿ ಕ್ಯಾಪ್ ಬಂದಾಗ ಅದು 36 ಲಕ್ಷ ಡಾಲರ್ ಇತ್ತು, ಆಗಲೂ ಉದ್ದೇಶ ಒಳ್ಳೆಯದೇ. ತನ್ನ ಸ್ವಂತ ಆಟಗಾರನನ್ನು ಉಳಿಸಿಕೊಳ್ಳಲು ತಂಡವು ಕ್ಯಾಪ್ ಮೀರಬಹುದು ಎಂಬ ವಿನಾಯಿತಿಗೆ ಲ್ಯಾರಿ ಬರ್ಡ್ ಹೆಸರಿಟ್ಟರು. ಬರ್ಡ್ ಎಲ್ಲಿಯವನು? ನಮ್ಮ ಇಂಡಿಯಾನಾದ ಫ್ರೆಂಚ್ ಲಿಕ್ ಎಂಬ ಪುಟ್ಟ ಊರಿನವನು. ಅವನನ್ನು ಇಟ್ಟುಕೊಂಡದ್ದು ಯಾರು? ಬಾಸ್ಟನ್. ಊರು ಬಿಟ್ಟವನ ಹೆಸರನ್ನು ಊರು ಬಿಡದಂತೆ ತಡೆಯುವ ನಿಯಮಕ್ಕೆ ಇಟ್ಟಾಗಲೇ ನನಗೆ ಸಂಶಯ ಬರಬೇಕಿತ್ತು" ಎಂದ ನಾಣಿ. 1984ರಲ್ಲಿ ನಾಣಿ ಅರಸೀಕೆರೆಯಲ್ಲಿ ಅಂಗನವಾಡಿಗೆ ಹೋಗುತ್ತಿದ್ದನೆಂಬುದನ್ನು ನಾವು ಯಾರೂ ನೆನಪಿಸಲಿಲ್ಲ.

ವೆಂಕಟೇಶ ಸೋಲೊಪ್ಪುವವನಲ್ಲ. "ಅದಕ್ಕಾಗಿಯೇ ಸೂಪರ್‌ಮ್ಯಾಕ್ಸ್ ತಂದದ್ದು. 2016ರಲ್ಲಿ ಟಿವಿ ಹಣದ ಹೊಳೆ ಬಂದು ಕ್ಯಾಪ್ 7 ಕೋಟಿಯಿಂದ ಒಮ್ಮೆಗೇ 9.41 ಕೋಟಿಗೆ ಹಾರಿತು. ಹಿಂದಿನ ಸಾಲಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟಿಗೆ ಅದರಿಂದ ಜಾಗ ಸಿಕ್ಕಿ, ಕೆವಿನ್ ಡ್ಯುರಾಂಟ್ ಒಕ್ಲಹೋಮಾ ಬಿಟ್ಟು ಅಲ್ಲಿಗೆ ಹೋದ, ಅದೂ ಜುಲೈ 4ರಂದು ಪ್ರಕಟಿಸಿ. ಮರುವರ್ಷವೇ ನಿಯಮ ಬದಲಾಯಿತು: ಏಳರಿಂದ ಒಂಬತ್ತು ವರ್ಷ ಆಡಿದ ತಾರೆಗೆ ಅವನ ತಂಡವು ಕ್ಯಾಪ್‌ನ ಶೇಕಡಾ 30ರ ಬದಲು 35 ಕೊಡಬಹುದು, ಬೇರೆ ತಂಡ ಕೊಡುವಂತಿಲ್ಲ."

"ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ. ಅದಕ್ಕೊಂದು ಷರತ್ತೂ ಉಂಟು, ಅದನ್ನೂ ಹೇಳು."

"ಅವನು ವರ್ಷದ ಶ್ರೇಷ್ಠರ ಪಟ್ಟಿಯಾದ ಆಲ್-ಎನ್‌ಬಿಎ ತಂಡದಲ್ಲಿರಬೇಕು, ಇಲ್ಲವೇ ಎಂವಿಪಿ ಎನ್ನುವ ಅತ್ಯಮೂಲ್ಯ ಆಟಗಾರನೋ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೋ ಆಗಿರಬೇಕು."

"ಅದನ್ನು ತೀರ್ಮಾನಿಸುವವರು?"

"ಪತ್ರಕರ್ತರು. ಮತ ಹಾಕಿ."

"ಕೇಳಿದಿರಾ ಮಾವ? ಇಂಡಿಯಾನಾದ ತಾರೆ ಇಂಡಿಯಾನಾದಲ್ಲಿ ಉಳಿಯಬೇಕೋ ಬೇಡವೋ ಎಂಬುದನ್ನು ನೂರು ಜನ ಪತ್ರಕರ್ತರು ತಿಂಡಿ ತಿನ್ನುತ್ತ ತೀರ್ಮಾನಿಸುತ್ತಾರೆ. 2017ರಲ್ಲಿ ನಮ್ಮ ಪಾಲ್ ಜಾರ್ಜ್ ಆ ಪಟ್ಟಿಯಲ್ಲಿ ಬರಲಿಲ್ಲ. ಶೇಕಡಾ 35ರ ಮಿಠಾಯಿಯನ್ನು ತೋರಿಸುವ ಅವಕಾಶವೂ ಆ ಬೇಸಗೆಯಲ್ಲಿ ನಮಗಿರಲಿಲ್ಲ. ಅವನು ಹೋಗುತ್ತೇನೆಂದ, ನಾವು ಒಕ್ಲಹೋಮಾಗೆ ಕೊಟ್ಟೆವು."

"ಕೊಟ್ಟು ಪಡೆದದ್ದನ್ನೂ ಹೇಳಬೇಕಲ್ಲ" ಎಂದು ನಾನು ಬಾಯಿ ಹಾಕಿದೆ. "ಒಲಡಿಪೊ ಮತ್ತು ಸಬೋನಿಸ್ ಬಂದರು. ಸಬೋನಿಸನನ್ನು ಸ್ಯಾಕ್ರಮೆಂಟೊಗೆ ಕೊಟ್ಟಾಗ ಹ್ಯಾಲಿಬರ್ಟನ್ ಬಂದ."

ನಾಣಿಯ ಕಣ್ಣು ಮಿನುಗಿತು. "ಅದೇ ಪಾಲ್ ಜಾರ್ಜ್ ಎರಡು ವರ್ಷದ ನಂತರ ಒಕ್ಲಹೋಮಾವನ್ನೂ ಬಿಟ್ಟು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಹೋದ. ಬದಲಿಗೆ ಅವರಿಗೆ ಸಿಕ್ಕವನು ಶೇ ಗಿಲ್ಜಸ್-ಅಲೆಕ್ಸಾಂಡರ್, ಜೊತೆಗೆ ಜೇಲನ್ ವಿಲಿಯಮ್ಸನನ್ನು ಆರಿಸಿದ ಪಿಕ್. ಅಂದರೆ ಈ ವರ್ಷದ ಫೈನಲ್ಸ್‌ನಲ್ಲಿ ಎದುರುಬದುರಾದ ಎರಡು ಪುಟ್ಟ ಊರುಗಳೂ ಉದ್ಧಾರವಾದದ್ದು ಒಬ್ಬನೇ ಮನುಷ್ಯ ಎರಡು ಸಲ ಓಡಿಹೋದದ್ದರಿಂದ. ಉಳಿಸಿಕೊಳ್ಳುವ ನಿಯಮ ಬೇಡ ವೆಂಕಟೇಶ, ಸರಿಯಾದ ಸಮಯಕ್ಕೆ ಓಡಿಹೋಗುವ ಇನ್ನೊಬ್ಬ ಪಾಲ್ ಜಾರ್ಜನನ್ನು ನಮಗೆ ಹುಡುಕಿಕೊಡು."

ವೆಂಕಟೇಶನೂ ನಕ್ಕ. ಆದರೆ ಪಟ್ಟಿಯನ್ನು ಮುಚ್ಚಲಿಲ್ಲ. ಶೇಗೆ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರ್ ಒಪ್ಪಂದವಾಗಿದೆ, ಜೇಲನ್ ವಿಲಿಯಮ್ಸ್, ಚೆಟ್ ಹೋಮ್‌ಗ್ರೆನ್ ಎಂಬ ಮಿಕ್ಕಿಬ್ಬರು ಹುಡುಗರಿಗೂ ಅಂಥದ್ದೇ ಮೊತ್ತ ಕಾದಿದೆ, ಮೂರೂ ಒಟ್ಟಿಗೆ ಜಾರಿಗೆ ಬಂದ ದಿನ ಒಕ್ಲಹೋಮಾ ಕೂಡ ಎರಡನೆಯ ಏಪ್ರನ್ನಿಗೆ ಕೊರಳೊಡ್ಡುತ್ತದೆ ಎಂದು ವಿವರಿಸಿದ. ತಾನೇ ಬೆಳೆಸಿದ ಮೂವರು ಹುಡುಗರನ್ನು ಉಳಿಸಿಕೊಂಡ ತಪ್ಪಿಗೆ.

"ಮದುಮಗನಿಗೆ ಚಿನ್ನ ಹಾಕಿ, ಬೀಗರಿಗೆ ಎಲೆ ಹಾಕಲು ದುಡ್ಡಿಲ್ಲದ ಮದುವೆಯ ಹಾಗಾಯಿತು" ಎಂದರು ಪದ್ಮಕ್ಕ.

"ಸರಿಯಾಗಿ ಹೇಳಿದಿರಿ ಅಕ್ಕ. ಆದರೆ ಈ ಪಟ್ಟಿ ಇವನ ಕಣ್ಣನ್ನೇ ತಿಂದಿದೆ. ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಇನ್ನು 0.3 ಸೆಕೆಂಡ್ ಇರುವಾಗ ಹ್ಯಾಲಿಬರ್ಟನ್ ಚೆಂಡು ಹಾಕಿ ಗೆಲ್ಲಿಸಿದನಲ್ಲ, ನಾವೆಲ್ಲ ಸೋಫಾದ ಮೇಲೆ ಹತ್ತಿ ಕುಣಿಯುತ್ತಿದ್ದೆವು. ಇವನು ಅವನ ಮೂರನೆಯ ವರ್ಷದ ಸಂಬಳ ನೋಡುತ್ತಿದ್ದ. ಹಿಂದೆ ಹುಡುಗರು ಎಷ್ಟು ಪಾಯಿಂಟ್ ಎಂದು ಕೇಳುತ್ತಿದ್ದರು, ಈಗ ಒಪ್ಪಂದ ಎಷ್ಟು ವರ್ಷದ್ದು ಎಂದು ಕೇಳುತ್ತಾರೆ. ಎಲ್ಲರ ಕೊರಳಲ್ಲೂ ಒಂದೊಂದು ಏಪ್ರನ್, ಅಡುಗೆಯ ರುಚಿ ಮಾತ್ರ ಯಾರಿಗೂ ಬೇಡ."

"ಹಾಗಾದರೆ ಟರ್ನರ್ ಯಾಕೆ ಹೋದನೆಂದು ಪಟ್ಟಿಯಿಲ್ಲದೆ ನೀನೇ ಹೇಳು" ಎಂದು ವೆಂಕಟೇಶ ಸವಾಲು ಹಾಕಿದ.

ನಾಣಿ ಹೇಳಿದ; ಆ ಮಟ್ಟಿಗೆ ಅವನಿಗೂ ಎಲ್ಲ ಅಂಕಿಗಳು ಬಾಯಿಪಾಠವಾಗಿದ್ದವು. ಬರ್ಡ್ ವಿನಾಯಿತಿ ಇದ್ದುದರಿಂದ ಕ್ಯಾಪ್ ನಮಗೆ ಅಡ್ಡಿಯಾಗಿರಲಿಲ್ಲ. ಎರಡು ದಶಕಗಳಿಂದ ಲಕ್ಷುರಿ ಟ್ಯಾಕ್ಸ್ ಕಟ್ಟದ ತಂಡ ನಮ್ಮದು. ಈ ಸಲ ಕಟ್ಟಲು ಸಿದ್ಧವಿದ್ದೆವೆಂದು ತಂಡದವರು ಹೇಳುತ್ತಾರೆ, ಆದರೆ ಹ್ಯಾಲಿಬರ್ಟನ್ ಒಂದು ವರ್ಷ ಆಡಲಾಗದೆ ಕೂರುವಾಗ ಮಾತುಕತೆಯಲ್ಲಿ ಆ ಉತ್ಸಾಹ ಎಷ್ಟಿತ್ತೆಂಬುದು ಬೇರೆ ಮಾತು. ಅತ್ತ ಮಿಲ್ವಾಕಿ ಮಾಡಿದ್ದೇ ವಿಚಿತ್ರ. ಅವರ ಡೇಮಿಯನ್ ಲಿಲರ್ಡ್‌ಗೂ ಹಿಮ್ಮಡಿಯ ನರವೇ ಹರಿದಿತ್ತು. ಅವನನ್ನು ಕೈಬಿಟ್ಟು, ಕೊಡಬೇಕಾಗಿದ್ದ ಸುಮಾರು 11.3 ಕೋಟಿ ಡಾಲರನ್ನು ಐದು ವರ್ಷಕ್ಕೆ ಎಳೆದು ಹಂಚಿ, ಉಳಿದ ಜಾಗದಲ್ಲಿ ಟರ್ನರನಿಗೆ ನಾಲ್ಕು ವರ್ಷಕ್ಕೆ ಹತ್ತಿರಹತ್ತಿರ 10.9 ಕೋಟಿ ಕೊಟ್ಟರು.

"ಆಡದೆ ಇರುವವನಿಗೆ ವರ್ಷಕ್ಕೆ ಎರಡು ಕೋಟಿಗೂ ಮೇಲೆ?" ಮಾವನ ಆಡಿಟರ್ ಹೃದಯ ನಿಂತೇ ಹೋದಂತಿತ್ತು.

"ಐದು ವರ್ಷ. ಯಾಕೆಂದರೆ ಅವರಿಗೆ ತಮ್ಮ ತಾರೆ ಯಾನಿಸ್ ಕೈಬಿಟ್ಟುಹೋದಾನೆಂಬ ಭಯ. ಮಾವ, ಇದು ನ್ಯೂಯಾರ್ಕ್ ಅಲ್ಲ, ಲಾಸ್ ಏಂಜಲೀಸ್ ಅಲ್ಲ. ಮಿಲ್ವಾಕಿಯೂ ನಮ್ಮಂಥದ್ದೇ ಪುಟ್ಟ ಊರು. ದೊಡ್ಡ ಮನೆಯ ಕಳ್ಳರು ಬರಬಾರದೆಂದು ಬೇಲಿ ಹಾಕಿಸಿದರು. ಈಗ ಬೇಲಿಯ ಒಳಗಿರುವ ಬಡವರಿಬ್ಬರು ಒಬ್ಬರ ಹಿತ್ತಲಿನಿಂದ ಒಬ್ಬರು ಬಾಳೆಗೊನೆ ಕಡಿಯುತ್ತಿದ್ದಾರೆ."

ದೂರದಲ್ಲಿ ಯಾರೋ ಪಟಾಕಿ ಹಾರಿಸಿದರು. ಕೆಲವು ಕ್ಷಣ ಯಾರೂ ಮಾತಾಡಲಿಲ್ಲ.

"ನಿಮಗೆ ಗೊತ್ತೇ?" ಎಂದ ನಾಣಿ, ದನಿ ತಗ್ಗಿಸಿ. "1977ರ ಜುಲೈಯಲ್ಲಿ ಈ ತಂಡವೇ ಮುಚ್ಚಿಹೋಗಲಿತ್ತು. ಎನ್‌ಬಿಎ ಸೇರಲು 32 ಲಕ್ಷ ಡಾಲರ್ ಕಟ್ಟಿ ಕೈ ಖಾಲಿಯಾಗಿತ್ತು. ಕೋಚ್ ಸ್ಲಿಕ್ ಲೆನರ್ಡ್ ಮತ್ತು ಅವರ ಹೆಂಡತಿ ನ್ಯಾನ್ಸಿ ಟಿವಿಯಲ್ಲಿ ಟೆಲಿಥಾನ್ ನಡೆಸಿದರು: 8,000 ಸೀಸನ್ ಟಿಕೆಟ್ ಮಾರಾಟವಾದರೆ ತಂಡ ಉಳಿಯುತ್ತದೆ. ಇದೇ ಊರಿನ ಜನ ಫೋನು ಮಾಡಿ ಮಾಡಿ ಆ ಸಂಖ್ಯೆಯನ್ನು ದಾಟಿಸಿದರು. ಅಂದು ಇಡೀ ತಂಡವನ್ನು ಉಳಿಸಲು ಒಂದು ಫೋನ್ ನಂಬರ್ ಇತ್ತು. ಇಂದು ಒಬ್ಬ ಸೆಂಟರ್‌ನನ್ನು ಉಳಿಸಿಕೊಳ್ಳಲು ನಾನು ಯಾವ ನಂಬರಿಗೆ ಫೋನು ಮಾಡಬೇಕು?"

ವೆಂಕಟೇಶ ಏನೋ ಹೇಳಲು ಬಾಯಿ ತೆರೆದು, ಮೊಬೈಲನ್ನು ಜೇಬಿಗೆ ಇಳಿಸಿದ.

"ಇದನ್ನು ನಾನು ಇನ್ನು ಹಾಕುವುದಿಲ್ಲ" ಎಂದು ಅಚಿಂತ್ಯ ಜೆರ್ಸಿಯನ್ನು ಮೆಟ್ಟಿಲ ಮೇಲೆ ಒಗೆದ.

ಬರ್ಡ್‌ನದೂ 33ನೆಯ ನಂಬರೇ ಎಂದು ನಾಣಿ ಸಮಾಧಾನ ಹೇಳಹೊರಟ. ಹುಡುಗ ಬರ್ಡ್ ಯಾರೆಂದು ಕೇಳಿದ ಮೇಲೆ ಆ ದಾರಿ ಮುಚ್ಚಿತು. ಪದ್ಮಕ್ಕ ಬಗ್ಗಿ ಜೆರ್ಸಿಯನ್ನು ಎತ್ತಿ, ಕೊಡವಿ, ತಮ್ಮ ಎಣ್ಣೆಯ ಕಲೆಗಳ ಏಪ್ರನ್ನಿನ ಮೇಲೆ ಇಟ್ಟು ಅಳತೆ ನೋಡಿದರು.

"ಬಟ್ಟೆ ಚೆನ್ನಾಗಿದೆ. ನಿನಗೆ ಬೇಡವಾದರೆ ನನಗಿರಲಿ, ಎರಡನೆಯ ಏಪ್ರನ್ ಆಗುತ್ತದೆ."

ಅಚಿಂತ್ಯ ಒಂದೇ ನೆಗೆತಕ್ಕೆ ಬಂದು ಅದನ್ನು ಕಸಿದುಕೊಂಡ. ಯಾರ ಮುಖವನ್ನೂ ನೋಡದೆ ತಲೆಯ ಮೇಲಿಂದ ಎಳೆದು ಹಾಕಿಕೊಂಡು ಮನೆಯ ಮುಂದಿನ ಬುಟ್ಟಿಯ ಕಡೆಗೆ ಹೋದ. ಸ್ವಲ್ಪ ಹೊತ್ತಿಗೆ ಚೆಂಡು ಕುಟ್ಟುವ ಸದ್ದು ಕೇಳಿಸಿತು. ನಾಣಿ ತಣ್ಣಗಾಗಿದ್ದ ಅರ್ಧ ಬೋಂಡವನ್ನು ಕೈಗೆತ್ತಿಕೊಂಡ.