ಸಹಾಯ ಬೇಕು: ಹಳೇ ಸ್ಕ್ರಿಪ್ಟ್‌ಗಳನ್ನು ವೆಬ್‌ಪ್ಯಾಕ್ 5ರಲ್ಲಿ ಮಾಡ್ಯೂಲ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಒಂದು ಹಳೇ ಪ್ರಾಜೆಕ್ಟ್ ನನ್ನ ತಲೆಗೆ ಬಂದಿದೆ. ಸುಮಾರು 40 ಜಾವಾಸ್ಕ್ರಿಪ್ಟ್ ಫೈಲುಗಳು, ಎಲ್ಲವೂ ಜೆಕ್ವೆರಿ (ಹಳೇ ಜಾವಾಸ್ಕ್ರಿಪ್ಟ್ ಲೈಬ್ರರಿ) ಕಾಲದವು. ಇವನ್ನು ವೆಬ್‌ಪ್ಯಾಕ್‌ಗೆ, ಅಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿಕೊಡುವ ಟೂಲ್‌ಗೆ, ತರಬೇಕು. ಪ್ರತಿಯೊಂದೂ ಒಂದೊಂದು ಗ್ಲೋಬಲ್ ವೇರಿಯಬಲ್ (ಪುಟದ ಎಲ್ಲ ಸ್ಕ್ರಿಪ್ಟಿಗೂ ಕಾಣುವ ಹೆಸರು) ಇಟ್ಟುಕೊಂಡು ಕೂತಿದೆ. ವೆಬ್‌ಪ್ಯಾಕ್ ಪ್ರತಿ ಫೈಲನ್ನೂ ಒಂದು ಫಂಕ್ಷನ್ ಒಳಗೆ ಸುತ್ತುತ್ತದೆ ಅಲ್ವಾ, ಹಾಗಾಗಿ ಆ ಹೆಸರುಗಳು ಬೇರೆ ಫೈಲಿಗೆ ಕಾಣುವುದೇ ಇಲ್ಲ.

ಡಾಲರ್ ಚಿಹ್ನೆಯ (ಜೆಕ್ವೆರಿಯ ಚಿಕ್ಕ ಹೆಸರು) ಕಾಟ, ಬೇಕಾದ ಹೆಸರನ್ನು ತಾನೇ ಒದಗಿಸುವ ಪ್ರೊವೈಡ್ ಪ್ಲಗಿನ್‌ನಿಂದ ಮುಗಿಯಿತು. ಆದರೆ ಈ ಫೈಲುಗಳು 'ದಿಸ್' ಅಂದರೆ ವಿಂಡೋ (ಬ್ರೌಸರ್‌ನ ಗ್ಲೋಬಲ್ ಆಬ್ಜೆಕ್ಟ್) ಎಂದೇ ನಂಬಿವೆ. ಅದಕ್ಕೆ ಇಂಪೋರ್ಟ್ಸ್ ಲೋಡರ್‌ನಲ್ಲಿ ವ್ರ್ಯಾಪರ್ ಆಗಿ ವಿಂಡೋ ಕೊಟ್ಟೆ; ಅದು ಇಡೀ ಫೈಲನ್ನು 'ದಿಸ್' ವಿಂಡೋ ಆಗಿರುವ ಇನ್ನೊಂದು ಫಂಕ್ಷನ್‌ನಲ್ಲಿ ಸುತ್ತುತ್ತದೆ. (ಲೋಡರ್ ಅಂದರೆ ಕಟ್ಟುವ ಮೊದಲು ಫೈಲಿನ ಕೋಡನ್ನು ಬದಲಿಸುವ ತುಣುಕು.) ಹೆಸರು ಹೊರಗೆ ಕೊಡಲು ಎಕ್ಸ್‌ಪೋರ್ಟ್ಸ್ ಲೋಡರ್ ಹಾಕಿದೆ. ಇಲ್ಲೇ ಜಗಳ ಶುರು. ಎಕ್ಸ್‌ಪೋರ್ಟ್ಸ್ ಮೊದಲು ಓಡಿದರೆ ಎಕ್ಸ್‌ಪೋರ್ಟ್ ಸಾಲು ಫಂಕ್ಷನ್ ಒಳಗೆ ಸಿಕ್ಕಿಕೊಂಡು ಪಾರ್ಸ್ ಎರರ್. ಕ್ರಮ ಬದಲಿಸಿದರೆ ವೇರಿಯಬಲ್ಲೇ ಒಳಗೆ ಉಳಿದುಬಿಡುತ್ತದೆ. (ಲೋಡರ್‌ಗಳು ಬಲದಿಂದ ಎಡಕ್ಕೆ ಓಡುತ್ತವೆ ಎಂದು ನೆನಪಾಗುವಷ್ಟರಲ್ಲಿ ಅರ್ಧ ದಿನ ಹೋಗಿತ್ತು!)

ಎಕ್ಸ್‌ಪೋರ್ಟ್ಸ್ ಲೋಡರ್‌ಗೆ ಟೈಪ್ ಕಾಮನ್‌ಜೆಎಸ್ (ಫಂಕ್ಷನ್ ಒಳಗೂ ನಡೆಯುವ ಹಳೇ ಎಕ್ಸ್‌ಪೋರ್ಟ್ ರೀತಿ) ಎಂದು ಕೊಟ್ಟು, ಅದನ್ನೇ ಮೊದಲು ಓಡಿಸಿದಾಗ ಒಂದು ಫೈಲ್ ಸರಿಯಾಯಿತು. ಆದರೆ ಪ್ರತಿ ಫೈಲು ಹೊರಗೆ ಕೊಡಬೇಕಾದ ವೇರಿಯಬಲ್ ಹೆಸರು ಬೇರೆ. ಸುಮ್ನೆ 40 ರೂಲ್ ಬರೆಯುತ್ತಾ ಕೂರಲು ಮನಸ್ಸಿಲ್ಲ.

ಫೈಲಿನ ಹೆಸರು ನೋಡಿ ಎಕ್ಸ್‌ಪೋರ್ಟ್ ಸೇರಿಸುವ ಸಣ್ಣ ಲೋಡರ್ ನಾನೇ ಬರೆಯಲಾ? ಯಾರಾದರೂ ಹೀಗೆ ಮಾಡಿದ್ದರೆ ಸೋರ್ಸ್ ಮ್ಯಾಪ್ (ಕಟ್ಟಿದ ಕೋಡಿನ ಸಾಲು ಮೂಲ ಫೈಲಿನಲ್ಲಿ ಎಲ್ಲಿದೆ ಎಂದು ತೋರಿಸುವ ಫೈಲ್) ಸರಿಯಾಗಿ ಬಂತಾ, ಅದನ್ನೂ ತಿಳಿಸಿ. ಫೈಲುಗಳನ್ನೇ ತಿದ್ದು ಅನ್ನಬೇಡಿ, ಹಳೇ ಪುಟಗಳು ಇನ್ನೂ ಅವನ್ನೇ ನೇರವಾಗಿ ಬಳಸುತ್ತಿವೆ.