ಸತ್ಯವೇದ ಓದುತ್ತೇನೆ, ಏನೂ ಒಳಗೆ ಇಳಿಯುತ್ತಿಲ್ಲ. ನಿಮ್ಮ ಅನುಭವ ಹೇಳುತ್ತೀರಾ?

ಎಲ್ಲರಿಗೂ ವಂದನೆ. ಸ್ವಲ್ಪ ನಾಚಿಕೆಯಿಂದಲೇ ಕೇಳುತ್ತಿದ್ದೇನೆ. ಒಂದು ವರ್ಷದಲ್ಲಿ ಇಡೀ ಸತ್ಯವೇದ ಓದಿ ಮುಗಿಸಬೇಕು ಅಂತ ಮೂರು ಸಲ ಜನವರಿಯಲ್ಲಿ ಶುರು ಮಾಡಿದೆ. ಮೂರು ಸಲವೂ ಮೂರನೇ ಪುಸ್ತಕ ಯಾಜಕಕಾಂಡದ ಹತ್ತಿರ ಬಂದು ನಿಂತುಬಿಟ್ಟೆ. ಈ ವರ್ಷ ಅಮ್ಮ ಬೇರೆ ಹಾಸಿಗೆ ಹಿಡಿದಿದ್ದಾರೆ. ಹಗಲು ಆಫೀಸು, ರಾತ್ರಿ ಅಮ್ಮ. ಮಲಗುವ ಮುಂಚೆ ಪುಸ್ತಕ ತೆರೆಯುತ್ತೇನೆ. ಕಣ್ಣು ಸಾಲಿನ ಮೇಲೆ ಓಡುತ್ತದೆ, ಪುಟ ತಿರುಗಿಸಿದ ಮೇಲೆ ಏನು ಓದಿದೆ ಅಂದರೆ ನೆನಪೇ ಇರುವುದಿಲ್ಲ. ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗೆ. ಸಭೆಯಲ್ಲಿ ಒಬ್ಬಿಬ್ಬರಿಗೆ ಹೇಳಿಕೊಂಡೆ. "ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ" ಅಂದರು. ಬೋಧನೆ ಸಾಕಷ್ಟು ಕೇಳಿದ್ದೇನೆ. ನನ್ನಂಥ ಸಾಮಾನ್ಯರು ಇಂಥ ದಿನಗಳಲ್ಲಿ ಏನು ಮಾಡಿದಿರಿ, ಏನು ಓದಿದಿರಿ, ಅಷ್ಟು ಹೇಳಿದರೆ ಸಾಕು.

*

ಸಿಸ್ಟರ್, ಮೊದಲು ಲೆಕ್ಕ ನೋಡಿ. ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. 365 ದಿನಕ್ಕೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ. ಒಂದು ದಿನ ತಪ್ಪಿದರೆ ಮಾರನೆಯ ದಿನ ಆರು, ಎರಡು ದಿನ ತಪ್ಪಿದರೆ ಒಂಬತ್ತು. ಆಮೇಲೆ ಅದು ಓದಲ್ಲ, ಸಾಲ ತೀರಿಸುವುದು. ನಾನೂ ಆರು ವರ್ಷ ಹಾಗೇ ಸಾಲ ತೀರಿಸಿದೆ. ಓದಿದ್ದಕ್ಕೆ ಟಿಕ್ ಹಾಕುವ ಒಂದು ಚಾರ್ಟ್ ಇತ್ತು. ನಿಜ ಹೇಳಬೇಕೆಂದರೆ ದೇವರಿಗಿಂತ ಆ ಚಾರ್ಟಿಗೇ ಹೆಚ್ಚು ಹೆದರುತ್ತಿದ್ದೆ.

ಕೆಲಸ ಹೋದ ವರ್ಷ ಚಾರ್ಟೂ ಹೋಯಿತು. ಮನೆಯಲ್ಲಿ ಸುಮ್ನೆ ಕೂತಿದ್ದೆ. ಓದಲು ಸಮಯ ಬೇಕಾದಷ್ಟು ಇತ್ತು, ಆಸೆ ಇರಲಿಲ್ಲ. ಒಬ್ಬ ಹಿರಿಯರು, "ಮಾರ್ಕನ ಸುವಾರ್ತೆ ತೆಗೆದುಕೋ, ದಿನಕ್ಕೆ ಒಂದೇ ಘಟನೆ ಓದು, ಅಧ್ಯಾಯದ ಗೊಡವೆ ಬೇಡ" ಅಂದರು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ನನಗೆ ಎರಡೂವರೆ ತಿಂಗಳು ಹಿಡಿಯಿತು. ಒಂದು ಘಟನೆ ಓದುವುದು, ಪುಸ್ತಕ ಮುಚ್ಚುವುದು, ಅದನ್ನು ನಮ್ಮ ಮಾತಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಯಾವ ವಿವರ ಬಿಟ್ಟುಹೋಯಿತು ಅಂತ ಮತ್ತೆ ತೆರೆದು ನೋಡುವುದು. ಇಷ್ಟೇ.

ಹೀಗೆ ಓದುವಾಗ ನನಗೆ ಸಿಕ್ಕಿದ್ದು ಒಂದು ತಲೆದಿಂಬು. ನಗಬೇಡಿ. 4ನೇ ಅಧ್ಯಾಯದಲ್ಲಿ ಬಿರುಗಾಳಿ ಬರುತ್ತದೆ ಅಲ್ವಾ, ಅಲೆಗಳು ದೋಣಿಯೊಳಗೆ ನುಗ್ಗುತ್ತವೆ, ಯೇಸು ದೋಣಿಯ ಹಿಂಭಾಗದಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಇದೇ ಕಥೆಯನ್ನು ತಮ್ಮ ಸುವಾರ್ತೆಗಳಲ್ಲಿ ಬರೆದ ಮತ್ತಾಯನೂ ಲೂಕನೂ ನಿದ್ದೆ ಮಾಡುತ್ತಿದ್ದ ಅನ್ನುತ್ತಾರೆ. ತಲೆದಿಂಬಿನ ಮೇಲೆ ಅಂತ ಹೇಳುವವನು ಮಾರ್ಕ ಒಬ್ಬನೇ. ಚಿಕ್ಕಂದಿನಿಂದ ನೂರು ಸಲ ಕೇಳಿದ ಕಥೆ, ಆ ದಿಂಬು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ದಿನವಿಡೀ ಜನರ ಮಧ್ಯೆ ಮಾತಾಡಿ ದಣಿದ ಒಬ್ಬ ಮನುಷ್ಯ, ಸಿಕ್ಕಿದ ದಿಂಬಿಗೆ ತಲೆ ಕೊಟ್ಟು ಮಲಗಿದ್ದಾನೆ. ಅವತ್ತು ನಾನು ಹೆಚ್ಚೇನೂ ಪ್ರಾರ್ಥಿಸಲಿಲ್ಲ. ಅದನ್ನೇ ನೋಡುತ್ತಾ ಕೂತಿದ್ದೆ.

ಇನ್ನೊಂದು ಮಾತು. ಅಧ್ಯಾಯಗಳ ವಿಭಾಗ 13ನೇ ಶತಮಾನದ್ದು. ಹೊಸ ಒಡಂಬಡಿಕೆಯಲ್ಲಿ ಈಗಿರುವ ವಚನಗಳ ಸಂಖ್ಯೆ 1551ರಲ್ಲಿ ಮುದ್ರಣಕಾರನೊಬ್ಬ ಹಾಕಿದ್ದು. ಬರೆದವರು ಯಾರೂ "ಇವತ್ತಿಗೆ ಇಲ್ಲಿಗೆ ನಿಲ್ಲಿಸಿ" ಅಂತ ಗೆರೆ ಎಳೆದಿಲ್ಲ. 1 ಕೊರಿಂಥದ 13 ಮದುವೆಗಳಲ್ಲಿ ಓದುವ ಪ್ರೀತಿಯ ಅಧ್ಯಾಯ. ಅದರ ಹಿಂದಿನ 12, ಮುಂದಿನ 14 ಸೇರಿಸಿ ಓದಿ ನೋಡಿ. ಆತ್ಮ ಕೊಟ್ಟ ವರಗಳಲ್ಲಿ ಯಾರದು ದೊಡ್ಡದು ಅಂತ ಕೊರಿಂಥದ ಸಭೆಯಲ್ಲಿ ಕಿತ್ತಾಟ ನಡೆಯುತ್ತಿತ್ತು. ಅದರ ನಡುವೆ ಅವರಿಗೆ ಪತ್ರ ಬರೆದ ಪೌಲ ಹೇಳಿದ ಮಾತು ಅದು. ನಮ್ಮ ಸಭೆಯ ಕಮಿಟಿ ಮೀಟಿಂಗಿನಲ್ಲಿ ಓದಬೇಕಾದದ್ದು ಅಂತ ನನಗೆ ಆಗಾಗ ಅನಿಸುತ್ತದೆ.

*

ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಯಾಜಕಕಾಂಡದ ಪರವಾಗಿ ಒಂದು ಮಾತು, ಯಾರೂ ಹೇಳುವುದಿಲ್ಲ ಪಾಪ.

27 ಅಧ್ಯಾಯ ಪೂರ್ತಿ ಓದಿ ಅನ್ನುವುದಿಲ್ಲ. ಹೋಮ, ಕುಷ್ಠ, ಬೂಷ್ಟು ಎಲ್ಲಾ ಈಗ ಬಿಡಿ. 19 ಮಾತ್ರ ಓದಿ. "ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು" ಅನ್ನುವುದನ್ನು ಯೇಸು ಎತ್ತಿಕೊಂಡದ್ದು ಅಲ್ಲಿಂದಲೇ, 18ನೇ ವಚನ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮುಂಚಿನದು, 13. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಇರಬಾರದು ಅಂತ. ಅದನ್ನು ಓದಿದ ದಿನ, ಗೋಡೆಗೆ ಬಣ್ಣ ಬಳಿದುಹೋದವರಿಗೆ ನಾನು ಬಾಕಿ ಉಳಿಸಿಕೊಂಡು ಎರಡು ವಾರವಾಗಿತ್ತು. ದುಡ್ಡು ಇರಲಿಲ್ಲ ಅಂತಲ್ಲ. ಒಂದು ಮೂಲೆಯಲ್ಲಿ ಬಣ್ಣ ಸರಿ ಬಂದಿರಲಿಲ್ಲ. ಅವರಿಗೆ ಸ್ವಲ್ಪ ಬಿಸಿ ಮುಟ್ಟಲಿ ಅಂತ ತಡೆದಿದ್ದೆ. ಆ ವಚನ ಓದಿದ ಮೇಲೂ ಅರ್ಧ ಗಂಟೆ ನನ್ನೊಳಗೆ ವಾದ ನಡೆಯಿತು. ಇದು ಇಸ್ರಾಯೇಲರಿಗೆ ಹೇಳಿದ್ದು, ಹಳೆ ಒಡಂಬಡಿಕೆ, ನಾವು ಕೃಪೆಯ ಕೆಳಗಿದ್ದೇವೆ ಅಂತೆಲ್ಲಾ. ದುಡ್ಡು ಕೊಡುವ ವಿಷಯ ಬಂದರೆ ನಾನು ಎಷ್ಟು ದೊಡ್ಡ ಪಂಡಿತ ಆಗುತ್ತೇನೆ ನೋಡಿ! ಸಂಜೆ ಹೋಗಿ ಕೊಟ್ಟು ಬಂದೆ. ಮೂಲೆ ಇನ್ನೂ ಹಾಗೇ ಇದೆ.

ಅದೇ ಅಧ್ಯಾಯದಲ್ಲಿ, ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆ ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತಲೂ ಇದೆ. ಅದನ್ನು ಓದಿಕೊಂಡು ರೂತಳ ಪುಸ್ತಕದ 2ನೇ ಅಧ್ಯಾಯಕ್ಕೆ ಹೋಗಿ. ಮೋವಾಬ್ ದೇಶದ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯುವುದು, ಅಂದರೆ ಬಿದ್ದ ತೆನೆ ಆಯುವುದು, ಆ ಕಾನೂನಿನಿಂದಲೇ. ಆ ರೂತಳ ಮರಿಮಗ ಅರಸ ದಾವೀದ. ಒಣ ಕಾನೂನು ಅಂತ ನಾವು ಬಿಟ್ಟುಹೋಗುವ ಪುಟದಿಂದ ಆ ಮನೆಯ ಅಡುಗೆ ನಡೆದಿತ್ತು.

*

ಅಕ್ಕ, ನಾನು ರಾತ್ರಿ ಪಾಳಿಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವಳು. ಮನೆಯಲ್ಲಿ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡೆ. ನೀವು ಬರೆದದ್ದರಲ್ಲಿ ನನಗೆ ಕಂಡದ್ದು ನಂಬಿಕೆಯ ಕೊರತೆ ಅಲ್ಲ, ನಿದ್ದೆಯ ಕೊರತೆ.

1 ಅರಸು 19 ಓದಿದ್ದೀರಾ? ಹಿಂದಿನ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡಿದ್ದಾನೆ. ಅಷ್ಟು ದೊಡ್ಡ ಗೆಲುವು. ಇಲ್ಲಿ ನೋಡಿದರೆ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅನ್ನುತ್ತಾನೆ. ಹಾಗಂದು ಮಲಗಿಬಿಡುತ್ತಾನೆ. ದೇವದೂತ ಬರುತ್ತಾನೆ. ಬೈಯುವುದಿಲ್ಲ. ಎಲ್ಲಿ ಹೋಯಿತು ನಿನ್ನ ನಂಬಿಕೆ ಅನ್ನುವುದಿಲ್ಲ. ಜಾಸ್ತಿ ಪ್ರಾರ್ಥನೆ ಮಾಡು ಅಂತಲೂ ಇಲ್ಲ. ಮೈ ಮುಟ್ಟಿ ಎಬ್ಬಿಸಿ, "ಎದ್ದು ಊಟ ಮಾಡು" ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಎಲೀಯ ಮತ್ತೆ ಮಲಗುತ್ತಾನೆ! ಅದಕ್ಕೂ ಬೈಗುಳ ಇಲ್ಲ. ಎರಡನೇ ಸಲ ಎಬ್ಬಿಸಿದಾಗ ದೂತ ಹೇಳುವುದು, ದಾರಿ ನಿನ್ನ ಶಕ್ತಿ ಮೀರಿದ್ದು, ಇನ್ನೂ ತಿನ್ನು ಅಂತ. ಹೋರೇಬ್ ಬೆಟ್ಟದಲ್ಲಿ ದೇವರ ಸಣ್ಣ ಸ್ವರ ಬರುವುದು ಇದೆಲ್ಲಾ ಆದ ಮೇಲೆ, ನಲವತ್ತು ದಿನ ನಡೆದ ಮೇಲೆ.

ಅತ್ತೆಯ ಹಾಸಿಗೆ ಬಟ್ಟೆ ರಾತ್ರಿ ಎರಡು ಮೂರು ಸಲ ಬದಲಿಸಬೇಕಿತ್ತು. ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒದ್ದೆ ಬಟ್ಟೆಯನ್ನು ಬೆನ್ನಿನವರೆಗೆ ಸುತ್ತಿ, ಹೊಸದನ್ನು ಅದರ ಪಕ್ಕದಲ್ಲೇ ಬಿಡಿಸಿ, ಆಮೇಲೆ ಈ ಕಡೆ ಹೊರಳಿಸುವುದು. ಮೊದಲ ಮಗ್ಗುಲಿಗೆ "ಯೆಹೋವನು ನನಗೆ ಕುರುಬನು" ಅನ್ನುತ್ತಿದ್ದೆ. ಎರಡನೇ ಮಗ್ಗುಲಿಗೆ "ಕೊರತೆಪಡೆನು." ಕೆಲವು ರಾತ್ರಿ ಎರಡನೆಯದನ್ನು ಹೇಳುವಾಗ ಸಿಟ್ಟು ಬರುತ್ತಿತ್ತು, ಯಾಕಂದರೆ ಕೊರತೆ ಬೇಕಾದಷ್ಟಿತ್ತು. ಆದರೂ ಹೇಳುತ್ತಿದ್ದೆ. ಆ ವರ್ಷಗಳಲ್ಲಿ ನನ್ನ ಪ್ರಾರ್ಥನೆ ಅಷ್ಟೇ. ರೋಮಾ 8:26ರಲ್ಲಿ ನಾವು ಹೇಗೆ ಬೇಡಬೇಕೋ ನಮಗೆ ಗೊತ್ತಿಲ್ಲ, ಮಾತಿಗೆ ಸಿಗದ ನರಳಾಟದಿಂದ ಆತ್ಮನೇ ನಮಗಾಗಿ ಬೇಡುತ್ತಾನೆ ಅಂತ ಇದೆ. ಅದನ್ನು ನಾನು ಪೂರ್ತಿ ಬಳಸಿಕೊಂಡೆ.

ವಾರಕ್ಕೆ ಒಂದು ರಾತ್ರಿ ಅಮ್ಮನ ಹತ್ತಿರ ಬೇರೆ ಯಾರಾದರೂ ಮಲಗಲಿ. "ಪ್ರಾರ್ಥನೆ ಮಾಡಿ" ಅಂದವರನ್ನೇ ಕೇಳಿ.

*

ಸುಮ್ನೆ ಎಲ್ಲರೂ ಬಿಡಿ ಬಿಡಿ ಅನ್ನುತ್ತಿದ್ದೀರಿ. ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಮನಸ್ಸು ಬಂದಾಗ ಓದುತ್ತೇನೆ ಅಂದವರು ಓದಿದ್ದನ್ನು ನಾನು ನೋಡಿಲ್ಲ, ನನ್ನನ್ನೂ ಸೇರಿಸಿ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಪ್ರಾರ್ಥಿಸಿದರೆ ಸಿಂಹದ ಗವಿ ಅಂತ ಆಜ್ಞೆ ಬಂದ ದಿನವೂ ಎಂದಿನಂತೆ ಮಾಡಿದ. ಎಂದಿನಂತೆ ಅನ್ನುವುದೇ ಅಲ್ಲಿ ಮುಖ್ಯ. ಕಡಿಮೆ ಓದಿ, ಒಪ್ಪಿದೆ. ಆದರೆ ಹೊತ್ತು ತಪ್ಪಿಸಬೇಡಿ. ರಾತ್ರಿ ಆಗದಿದ್ದರೆ ಬೆಳಿಗ್ಗೆ ಐದು ನಿಮಿಷ.

ಒಬ್ಬರೇ ಓದಬೇಡಿ ಅಂತಲೂ ಹೇಳುತ್ತೇನೆ. ನಾನೂ ಒಬ್ಬ ಗೆಳೆಯನೂ ದಿನಾ ಫೋನಿನಲ್ಲಿ ಒಂದೇ ಭಾಗ ಓದುತ್ತೇವೆ, ಅವನೊಂದು ವಚನ ನಾನೊಂದು ವಚನ. ನನಗೆ ಮನಸ್ಸಿಲ್ಲದ ದಿನ ಅವನಿಗಿರುತ್ತದೆ. ಮಾರ್ಕ 2ರಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು ಚಾವಣಿ ಒಡೆದು ಇಳಿಸುತ್ತಾರೆ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಮಲಗಿದ್ದವನ ಮನಸ್ಸಿನಲ್ಲಿ ಏನಿತ್ತೋ, ಮಾರ್ಕ ಅದರ ಬಗ್ಗೆ ಒಂದು ಅಕ್ಷರ ಬರೆದಿಲ್ಲ.

*

ನಾನು ಕೀರ್ತನೆಗಳವಳು. 13 ಓದಿ. ಮೊದಲ ಎರಡು ವಚನಗಳಲ್ಲೇ ಕೀರ್ತನೆಗಾರ "ಇನ್ನೆಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ. 88 ಅಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು "ಆದರೂ ಸ್ತುತಿಸುವೆನು" ಕೂಡ ಇಲ್ಲ. ಇಂಥದ್ದನ್ನು ಪ್ರಾರ್ಥನೆ ಅಂತ ಒಳಗೆ ಇಟ್ಟುಕೊಂಡ ಪುಸ್ತಕ ಅದು. ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡ ವಾರ ನನಗೆ ರೋಮಾ 8:28 ಕಳಿಸಿದವರು ಏಳು ಜನ. ಎಲ್ಲಾ ಒಳ್ಳೆಯದಕ್ಕೇ ಅಂತ. ವಚನ ಸುಳ್ಳಲ್ಲ. ಅವತ್ತೇ ಬೇಕಿತ್ತಾ? ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಎಷ್ಟು ಒಳ್ಳೆಯವರು! ಬಾಯಿ ತೆರೆದಮೇಲೆ ಕೆಟ್ಟರು.

ಯೆರೆಮೀಯ 29:11 ಕೂಡ ಹಾಗೇ. ಗೋಡೆಗೆ ತೂಗುಹಾಕುವ ವಚನ, ನಿಮಗೆ ನಿರೀಕ್ಷೆಯನ್ನೂ ಮುಂದಿನ ದಿನಗಳನ್ನೂ ಕೊಡುವೆನು ಅಂತ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಬರೆದ ಪತ್ರ. ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ. ಕೇಳಿಸಿಕೊಂಡ ಹಿರಿಯರಲ್ಲಿ ಎಷ್ಟು ಜನ ತಿರುಗಿ ಊರು ನೋಡಿರಬಹುದು ಹೇಳಿ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ ಅಂತ ಅದೇ ಪತ್ರ ಹೇಳುತ್ತದೆ. ಹಾಗೆ ಓದಿದ ಮೇಲೆ ಆ ವಚನ ನನಗೆ ಮತ್ತೆ ಹತ್ತಿರವಾಯಿತು. ಬೇಗ ಸರಿಹೋಗುತ್ತದೆ ಅಂತ ಅದು ನನಗೆ ಸುಳ್ಳು ಹೇಳಿರಲಿಲ್ಲ.

*

ಕಣ್ಣು ಸೋತಿದ್ದರೆ ಕಿವಿ ಕೊಡಿ. ಆಡಿಯೋ ಹಾಕಿಕೊಳ್ಳಿ. ಮೊದಲ ಸಭೆಗಳವರು ಹೆಚ್ಚಿನವರು ಕೇಳಿಯೇ ತಿಳಿದುಕೊಂಡವರು. 1 ಥೆಸಲೋನಿಕದ ಕೊನೆಯಲ್ಲಿ ಪೌಲ ಈ ಪತ್ರವನ್ನು ಎಲ್ಲಾ ಸಹೋದರರಿಗೂ ಓದಿಸಬೇಕು ಅಂತ ಆಣೆಯಿಟ್ಟು ಹೇಳುತ್ತಾನೆ. ನಾನು ಬಸ್ಸಿನಲ್ಲಿ ಕೇಳುತ್ತೇನೆ. ಕೆಲವು ಸಲ ನಿದ್ದೆಯೂ ಬಂದುಬಿಡುತ್ತದೆ, ಅದನ್ನು ಇಲ್ಲಿ ಒಪ್ಪಿಕೊಳ್ಳಲು ಈಗ ನಾಚಿಕೆ ಇಲ್ಲ.

*

ಕೇಳಿದವಳು ನಾನೇ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಲಿಲ್ಲ. ಶನಿವಾರ ರಾತ್ರಿ ಅಮ್ಮನ ಹತ್ತಿರ ಮಲಗಲು ಸಭೆಯ ಒಬ್ಬ ಆಂಟಿಯನ್ನು ಕೇಳಿದೆ. ಕೇಳಲು ಎರಡು ದಿನ ಹಿಂಜರಿದೆ, ಅವರು ಎರಡು ನಿಮಿಷದಲ್ಲಿ ಒಪ್ಪಿದರು. ಒಂಬತ್ತು ಗಂಟೆ ನಿದ್ದೆ ಮಾಡಿದೆ. ಭಾನುವಾರ ಆರಾಧನೆಯೂ ತಪ್ಪಿಹೋಯಿತು, ಎಲೀಯನ ಲೆಕ್ಕಕ್ಕೆ ಹಾಕಿಕೊಂಡಿದ್ದೇನೆ.

ನಿನ್ನೆ ಅಮ್ಮನ ಪಕ್ಕ ಕೂತು ಮಾರ್ಕ 4ರ ಬಿರುಗಾಳಿಯ ಭಾಗವನ್ನು ಜೋರಾಗಿ ಓದಿದೆ. ಅಷ್ಟನ್ನು ಮಾತ್ರ. ತಲೆದಿಂಬು ಅನ್ನುವಲ್ಲಿ ಅಮ್ಮ ಕಣ್ಣು ತೆರೆದರು. "ಹಾಗಂತ ಬರೆದಿದೆಯಾ?" ಅಂದರು. ಮತ್ತೆ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದೋಣಿ ಮುಳುಗ್ತಾ ಇದ್ರೂ ದಿಂಬು ಬಿಡ್ಲಿಲ್ಲ ನೋಡು" ಅಂತ ನಕ್ಕರು. ಆಮೇಲೆ ತಮ್ಮ ದಿಂಬನ್ನು ಸ್ವಲ್ಪ ಮೇಲಕ್ಕೆ ಎಳೆಯಲು ಹೇಳಿದರು. ಎಳೆದು ಸರಿ ಮಾಡಿದೆ. ಇವತ್ತು 5ನೇ ಅಧ್ಯಾಯ, ಯೇಸುವಿನ ಉಡುಪು ಮುಟ್ಟಿದ ಹೆಂಗಸಿನದು ಓದು ಅಂತ ಅವರೇ ಹೇಳಿದ್ದಾರೆ.