ಬ್ರೇಕ್ ಒತ್ತಿ ಹಿಡಿದರೆ ಪೆಡಲ್ ಮೆಲ್ಲಗೆ ಇಳಿಯುತ್ತೆ, ಆಯಿಲ್ ಮಾತ್ರ ಕಮ್ಮಿ ಆಗ್ತಿಲ್ಲ

ಹೂವಿನಗಾಡಿ:
ನಮಸ್ಕಾರ. ನಂದು 2008ರ ಡೀಸೆಲ್ ಪಿಕಪ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಕೆ.ಆರ್. ಮಾರ್ಕೆಟ್‌ಗೆ ಹೂವು ಹೊಡೆಯೋ ಗಾಡಿ. ಎಫ್‌ಸಿ (ಗಾಡಿ ಫಿಟ್‌ನೆಸ್ ತಪಾಸಣೆ) ಹತ್ತಿರ ಬಂತು ಅಂತ ಮನೆ ಹತ್ತಿರದ ಶೆಡ್‌ನಲ್ಲಿ ಹಿಂದಿನ ಬ್ರೇಕ್ ಶೂ ಹಾಕಿಸಿ, ಆಯಿಲ್ ಬದಲಾಯಿಸಿ, ಏರ್ ತೆಗೆಸಿದೆ. ಆವತ್ತಿಂದ ಸಿಗ್ನಲ್‌ನಲ್ಲಿ ಬ್ರೇಕ್ ಒತ್ಕೊಂಡು ನಿಂತರೆ ಪೆಡಲ್ ಇಳೀತಾ ಹೋಗುತ್ತೆ. ಪಂಪ್ ಮಾಡಿದರೆ ಮೇಲೆ ಬರುತ್ತೆ. ಡಬ್ಬಿಯಲ್ಲಿ ಆಯಿಲ್ ಇದ್ದಷ್ಟೇ ಇದೆ, ಎಲ್ಲೂ ಒದ್ದೆ ಇಲ್ಲ. ಬೂಸ್ಟರ್ (ಪೆಡಲ್ ಒತ್ತೋಕೆ ಬಲ ಕೂಡಿಸೋ ಭಾಗ) ಹೋಗಿದೆ ಅಂತಾರೆ ಶೆಡ್‌ನವರು. ಅದಕ್ಕೆ ದುಡ್ಡು ಹಾಕೋ ಮುಂಚೆ ತಿಳಿದವರು ಹೇಳಿ. ನಾಳೆ ಲೋಡ್ ಬೇರೆ ಇದೆ, ನಿಧಾನಕ್ಕೆ ಓಡಿಸಬಹುದಾ?

ಬನಶಂಕರಿ ಡೀಸೆಲ್:
ಏರ್ ಪೂರ್ತಿ ಹೋಗಿಲ್ಲ ಅನ್ಸುತ್ತೆ, ಇನ್ನೊಂದ್ಸಲ ಬ್ಲೀಡ್ ಮಾಡಿಸಿ.

ಕಲಾಸಿಪಾಳ್ಯ ಫಿಟ್ಟರ್:
ಅಣ್ಣ, ನಾಳೆ ಲೋಡ್ ಬೇರೆ ಗಾಡಿಗೆ ಕೊಟ್ಬಿಡಿ. ನಿಧಾನಕ್ಕೂ ಬೇಡ. ಈ ಕಂಪ್ಲೇಂಟ್ ಯಾವಾಗ ಪೂರ್ತಿ ಕೈ ಕೊಡುತ್ತೆ ಅಂತ ಹೇಳೋಕಾಗಲ್ಲ.

ಏರ್ ಇದ್ದರೆ ಪೆಡಲ್ ಮೆತ್ತಗಿರುತ್ತೆ ನಿಜ, ಆದರೆ ಒಂದು ಕಡೆ ಬಂದು ನಿಲ್ಲುತ್ತೆ. ಒತ್ತಿದಷ್ಟು ಹೊತ್ತೂ ಇಳೀತಾ ಹೋಗಲ್ಲ. ಬೂಸ್ಟರ್ ಹೋದರೆ ಉಲ್ಟಾ, ಪೆಡಲ್ ಗಟ್ಟಿಯಾಗುತ್ತೆ, ಕಾಲಲ್ಲಿ ಇರೋ ಬಲವೆಲ್ಲ ಹಾಕಬೇಕು. ಬೇಕಿದ್ದರೆ ನೀವೇ ನೋಡ್ಕೊಳ್ಳಿ: ಇಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗೋವರೆಗೂ ಪಂಪ್ ಮಾಡಿ, ಒತ್ಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ತಗ್ಗಿ ನಿಂತರೆ ಬೂಸ್ಟರ್, ಅದಕ್ಕೆ ವ್ಯಾಕ್ಯೂಮ್ ಕೊಡೋ ಪಂಪ್ ಎರಡೂ ಕೆಲಸ ಮಾಡ್ತಿವೆ.

ನೀವು ಹೇಳೋ ಲಕ್ಷಣ ಮಾಸ್ಟರ್ ಸಿಲಿಂಡರ್‌ದು, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನ ಚಕ್ರಗಳ ಕಡೆ ತಳ್ಳೋ ಭಾಗದ್ದು. ಒಳಗಿನ ರಬ್ಬರ್ ಕಪ್ ಪ್ರೆಷರ್ ಹಿಡೀತಿಲ್ಲ, ಆಯಿಲ್ ಕಪ್ ದಾಟಿ ಹಿಂದಕ್ಕೆ ಬರ್ತಿದೆ. ಹೊರಗೆ ಹೋಗ್ತಿಲ್ಲವಾದ್ದರಿಂದ ಡಬ್ಬಿ ಇಳೀತಿಲ್ಲ. ಪೆಡಲ್ ಜೋರಾಗಿ ಒತ್ತಿದರೆ ನಿಂತು, ಮೆಲ್ಲಗೆ ಒತ್ತಿದರೆ ಇಳಿದರೆ ಅನುಮಾನ ಇನ್ನೂ ಗಟ್ಟಿ.

ಬ್ಲೀಡ್ ಮಾಡಿದ ಮೇಲೇ ಯಾಕೆ ಶುರುವಾಯ್ತು? ದಿನಾ ಓಡಿಸುವಾಗ ಪಿಸ್ಟನ್ ಸಿಲಿಂಡರ್‌ನ ಅರ್ಧದಷ್ಟು ಜಾಗದಲ್ಲಿ ಮಾತ್ರ ಹೋಗಿ ಬರುತ್ತೆ. ಆಚೆಗಿನ ಭಾಗದಲ್ಲಿ ವರ್ಷಗಟ್ಟಲೆ ತುಕ್ಕು, ಕೆಸರು ಕೂತಿರುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳ್ಳುತ್ತಲ್ಲ, ಅದರ ಫಲ. ಏರ್ ತೆಗೆಯುವಾಗ ಹುಡುಗ ಪೆಡಲನ್ನ ತಳ ಮುಟ್ಟೋ ತನಕ ತುಳಿದರೆ ಕಪ್ಪಿನ ಅಂಚು ಆ ಒರಟು ಜಾಗದ ಮೇಲೆ ಉಜ್ಜಿ ಹರಿಯುತ್ತೆ. ಹಳೇ ಗಾಡಿಗೆ ಪೆಡಲ್ ಕೆಳಗೆ ಮರದ ತುಂಡು ಇಟ್ಟೇ ಬ್ಲೀಡ್ ಮಾಡಬೇಕು. ಇದನ್ನ ಎಷ್ಟು ಸಲ ಹೇಳಿದರೂ ನನಗೆ ಸಾಕಾಗಲ್ಲ.

ಖಾತ್ರಿ ಆಗಬೇಕಾ? ಮಾಸ್ಟರ್‌ನಿಂದ ಹೊರಡೋ ಪೈಪುಗಳನ್ನ ಬಿಚ್ಚಿ, ಅದೇ ಥ್ರೆಡ್‌ನ ಪ್ಲಗ್ ಹಾಕಿ ಮುಚ್ಚಿ, ಒಳಗೆ ಸೇರಿದ ಏರ್ ತೆಗೆದು ಒತ್ತಿ. ಆಗಲೂ ಇಳಿದರೆ ಬೇರೇನೂ ಹುಡುಕಬೇಡಿ. ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ, ಪೇಂಟ್ ತಿಂದುಬಿಡುತ್ತೆ.

ಪೀಣ್ಯ ಲೇತ್:
ಮಾಸ್ಟರ್ ಬಿಚ್ಚಿದಾಗ ಬೂಸ್ಟರ್ ಮುಖ ಒದ್ದೆ ಇದೆಯಾ ನೋಡಿ. ಹಿಂದಿನ ಸೀಲ್ ಸೋರಿದರೆ ಆಯಿಲ್ ಬೂಸ್ಟರ್ ಒಳಗೆ ಹೋಗುತ್ತೆ, ಹೊರಗೆ ಕಾಣಲ್ಲ. ಬೋರ್‌ನಲ್ಲಿ (ಸಿಲಿಂಡರ್ ಒಳಗೋಡೆಯಲ್ಲಿ) ಗುಳಿ ಬಿದ್ದಿದ್ದರೆ ಬರೀ ರಬ್ಬರ್ ಕಿಟ್ ಹಾಕಬೇಡಿ, ಇಡೀ ಮಾಸ್ಟರ್ ಅಸೆಂಬ್ಲಿ ತಗೊಳ್ಳಿ. ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಲೇಬೇಡಿ, ರಬ್ಬರ್ ಉಬ್ಬುತ್ತೆ.

ಹೂವಿನಗಾಡಿ:
ಪ್ಲಗ್ ಹಾಕಿ ನೋಡಿದ್ವಿ, ಆಗಲೂ ಇಳೀತು. ಬೂಸ್ಟರ್ ಮುಖ ಒಣಗಿತ್ತು. ಮಾಸ್ಟರ್ ಬಿಚ್ಚಿದರೆ ಬಾಯಿ ಹತ್ತಿರ ಬೋರ್ ಫಳಫಳ, ಒಳಗಡೆ ಬೆರಳಗಲ ಕಂದು ಪಟ್ಟಿ, ಕಪ್ಪಿನ ಅಂಚು ಒಂದು ಕಡೆ ಉಗುರಿನಲ್ಲಿ ಚಿವುಟಿದ ಹಾಗೆ ಕಿತ್ತಿದೆ. ಹಳೇದನ್ನ ಜೆ.ಸಿ. ರಸ್ತೆಗೆ ತಗೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ಅಸೆಂಬ್ಲಿ ತಂದೆ. ಫಿಟ್ಟರ್ ಅಣ್ಣ, ನಿಮ್ಮಿಂದ ಬೂಸ್ಟರ್ ದುಡ್ಡು ಉಳೀತು. ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಡಾಟ್ 3 (ಬ್ರೇಕ್ ಆಯಿಲ್ ದರ್ಜೆ) ಅಂತಿದೆ, ಡಾಟ್ 4 ಹಾಕಬಹುದಾ? ಇನ್ನೊಂದು, ಗಾಡಿ ಜಾಕ್ ಮೇಲಿದೆ, ಹಿಂದಿನ ಚಕ್ರದ ಏರ್ ತೆಗೆಯೋ ನಿಪ್ಪಲ್‌ನಿಂದ ಆಯಿಲ್ ಸರಿಯಾಗಿ ಬರ್ತಿಲ್ಲ.

ಕಲಾಸಿಪಾಳ್ಯ ಫಿಟ್ಟರ್:
ಡಾಟ್ 4 ಹಾಕಬಹುದು. ಡಾಟ್ 3 ಹೊಸದರಲ್ಲಿ ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ, ಡಾಟ್ 4 ಆದರೆ 230. ತೇವ ಸೇರಿದ ಮೇಲೆ 140, 155ಕ್ಕೆ ಇಳಿಯುತ್ತೆ. ಲೋಡ್ ಹಾಕಿ ಇಳಿಜಾರು ಇಳಿಯೋರಿಗೆ ಆ ವ್ಯತ್ಯಾಸ ದೊಡ್ಡದು. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್. ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯೂ ಬೇಡ.

ಹಿಂದೆ ಬರದೇ ಇರೋದಕ್ಕೆ ಹಿಂದಿನ ಆಕ್ಸಲ್‌ನಿಂದ ಛಾಸಿಗೆ ಸ್ಪ್ರಿಂಗ್ ಕಟ್ಟಿರೋ ಲೋಡ್ ವಾಲ್ವ್ ಇದೆಯಾ ನೋಡಿ. ಛಾಸಿಗೆ ಜಾಕ್ ಕೊಟ್ಟು ಚಕ್ರ ನೇತಾಡಿದರೆ ಅದು ಗಾಡಿ ಖಾಲಿ ಅಂದುಕೊಂಡು ಹಿಂದಿನ ಆಯಿಲ್ ತಡೆಯುತ್ತೆ. ಜಾಕ್ ಇಳಿಸಿ, ಸ್ಟ್ಯಾಂಡನ್ನ ಆಕ್ಸಲ್ ಕೆಳಗೆ ಕೊಡಿ. ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ, ಈ ವರಸೆಯಲ್ಲಿ ತೆಗೀರಿ.

ಹೂವಿನಗಾಡಿ:
ಸ್ಟ್ಯಾಂಡ್ ಆಕ್ಸಲ್‌ಗೆ ಕೊಟ್ಟ ಕೂಡಲೇ ಬಂತು. ಪೆಡಲ್ ಮೇಲೇ ನಿಲ್ತಿದೆ, ಇಂಜಿನ್ ಆನ್ ಇಟ್ಟು ಒತ್ತಿ ಹಿಡಿದರೂ ಇಳೀತಿಲ್ಲ.

ಕಲಾಸಿಪಾಳ್ಯ ಫಿಟ್ಟರ್:
ಒಳ್ಳೇದಾಯ್ತು. ಖಾಲಿ ರಸ್ತೆಯಲ್ಲಿ, ಲೋಡ್ ಇಲ್ಲದೆ ಬ್ರೇಕ್ ಹೊಡೆದು ನೋಡಿ, ಒಂದು ಕಡೆ ಎಳೀಬಾರದು. ಬಂದು ನಾಲ್ಕು ಡ್ರಮ್, ಡಿಸ್ಕ್ ಹತ್ತಿರ ಕೈ ತಂದು ಬಿಸಿ ನೋಡಿ, ಮುಟ್ಟಬೇಡಿ. ಯಾವುದಾದರೂ ಒಂದು ತುಂಬ ಬಿಸಿ ಇದ್ದರೆ ಆ ಕಡೆ ಹೋಸ್ ಪೈಪ್ ಒಳಗಡೆ ಊದಿಕೊಂಡಿರಬಹುದು, ಲೋಡ್ ಹಾಕೋ ಮುಂಚೆ ಇಲ್ಲಿ ಬರೀರಿ.